ಮಕ್ಕಳನ್ನು ಕಟ್ಟಿಕೊಂಡು ಅಂಡಮಾನ್: ದ್ವೀಪದಿಂದ ದ್ವೀಪಕ್ಕೆ ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ನಮ್ಮ ಮನೆಯಲ್ಲಿ ಅಂಡಮಾನ್ ಮಾತು ಶುರುವಾದಾಗ ನನ್ನ ಗಂಡ ಬರೆದ ಮೊದಲ ಪಟ್ಟಿಯಲ್ಲಿ ಆರು ದಿನಕ್ಕೆ ಏಳು ದ್ವೀಪಗಳಿದ್ದವು. ಆಗ ಮಗಳಿಗೆ ಐದು ವರ್ಷ, ಮಗನಿಗೆ ಎರಡು ತುಂಬಿ ಮೂರು ತಿಂಗಳು. ನಾನು ಆ ಪಟ್ಟಿಯ ಪಕ್ಕ ಒಂದೇ ಒಂದು ಪ್ರಶ್ನೆ ಬರೆದೆ: "ಇವನು ಮಧ್ಯಾಹ್ನ ಎಲ್ಲಿ ಮಲಗುತ್ತಾನೆ?" ಪಟ್ಟಿ ಅಲ್ಲೇ ಬಿದ್ದುಹೋಯಿತು. ಕೊನೆಗೆ ಏಳು ರಾತ್ರಿಗೆ ಮೂರು ದ್ವೀಪ (ಪೋರ್ಟ್ ಬ್ಲೇರ್ ಇರುವ ದ್ವೀಪ, ಹ್ಯಾವ್‌ಲಾಕ್, ನೀಲ್) ಅಂತ ಹೊರಟೆವು. ಎರಡು ವರ್ಷದ ನಂತರ ಮತ್ತೊಮ್ಮೆ ಹೋದಾಗ ಎರಡೇ ದ್ವೀಪ ಸಾಕು ಅಂದವಳು ಮಗಳು.

ದೊಡ್ಡವರು ದ್ವೀಪಗಳನ್ನು ಎಣಿಸುತ್ತಾರೆ. ಮಕ್ಕಳಿರುವವರು ಎಣಿಸಬೇಕಾದದ್ದು ಗಂಟುಮೂಟೆ ಕಟ್ಟುವ ಬೆಳಗ್ಗೆಗಳನ್ನು. ಹ್ಯಾವ್‌ಲಾಕ್‌ನಿಂದ ನೀಲ್‌ಗೆ ಹಡಗಿನಲ್ಲಿ ಸುಮಾರು ಒಂದು ಗಂಟೆ. ಆದರೆ ಒದ್ದೆ ಬಟ್ಟೆ ತುಂಬಿ, ರೂಮು ಖಾಲಿ ಮಾಡಿ, ಆಟೋ ಹಿಡಿದು, ಹಡಗುಕಟ್ಟೆಯಲ್ಲಿ ಒಂದು ಗಂಟೆ ಮುಂಚೆ ಸಾಲಲ್ಲಿ ನಿಂತು, ಇಳಿದ ಮೇಲೆ ಸಾಮಾನು ಬರುವವರೆಗೆ ಬಿಸಿಲಲ್ಲಿ ಕಾದು, ಹೊಸ ಜಾಗದಲ್ಲಿ ರೂಮು ಸಿದ್ಧವಾಗುವಷ್ಟರಲ್ಲಿ ಐದಾರು ಗಂಟೆ ಹೋಗಿರುತ್ತೆ. ಮಗುವಿನ ನಿದ್ದೆ, ಊಟ ಎರಡೂ ಆ ಐದಾರು ಗಂಟೆಯೊಳಗೇ ಸಿಕ್ಕಿಬೀಳುತ್ತವೆ. ಇದೊಂದು ತಲೆಯಲ್ಲಿದ್ದರೆ ಉಳಿದ ಲೆಕ್ಕವೆಲ್ಲ ಸಲೀಸು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸರ ಹೆಸರು ಬಂತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ಟಿನಲ್ಲಿ, ಫಲಕದಲ್ಲಿ ಹೊಸ ಹೆಸರಿರಬಹುದು. ಆಟೋದವರ ಬಾಯಲ್ಲಿ ಈಗಲೂ ಹಳೆಯದೇ. ನಾನೂ ಇಲ್ಲಿ ಹಳೆಯ ಹೆಸರನ್ನೇ ಬಳಸುತ್ತೇನೆ. ನೀವು ಟಿಕೆಟ್ ಮಾಡುವಾಗ ಎರಡನ್ನೂ ಹಾಕಿ ಹುಡುಕಿ.

ತಿಂಗಳು: ಶಾಲೆಯ ರಜೆ ಒಂದು ಕಡೆ, ಸಮುದ್ರ ಇನ್ನೊಂದು ಕಡೆ

ಪ್ರತಿವರ್ಷ ಮೇ ತಿಂಗಳಲ್ಲಿ ಟಿವಿಯವರು "ಮುಂಗಾರು ಅಂಡಮಾನ್ ಪ್ರವೇಶಿಸಿದೆ" ಅನ್ನುವುದು ಕೇಳಿರುತ್ತೀರಲ್ಲ, ಆ ಸುದ್ದಿ ಬರುವುದಕ್ಕೆ ಮೊದಲು ನೀವು ಹೋಗಿ ಬಂದಿರಬೇಕು. ಮೇ ಮೂರನೇ ವಾರದಿಂದ ಸೆಪ್ಟೆಂಬರ್‌ವರೆಗೆ ಮಳೆ. ಅಕ್ಟೋಬರ್‌ನಿಂದ ಪ್ರವಾಸಿಗರು ಬರತೊಡಗುತ್ತಾರೆ, ಆದರೆ ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಯಾವಾಗ ಬೇಕಾದರೂ ಕೈಕೊಡಬಹುದು. 2016ರ ಡಿಸೆಂಬರ್‌ನಲ್ಲಿ ಸುಮಾರು 1,400 ಪ್ರವಾಸಿಗರು ಹ್ಯಾವ್‌ಲಾಕ್, ನೀಲ್‌ನಲ್ಲಿ ಸಿಕ್ಕಿಹಾಕಿಕೊಂಡು, ನೌಕಾಪಡೆಯ ಹಡಗುಗಳು ಬಂದು ಕರೆತರಬೇಕಾಯಿತು.

ಸಮುದ್ರ ಹೆಚ್ಚು ಶಾಂತವಾಗಿರುವುದು ಫೆಬ್ರವರಿಯಿಂದ ಏಪ್ರಿಲ್. ಮಕ್ಕಳು ಇನ್ನೂ ಒಂದನೇ ಕ್ಲಾಸಿಗೆ ಬಂದಿಲ್ಲವಾದರೆ ಯೋಚನೆ ಬೇಡ, ಫೆಬ್ರವರಿಗೇ ಹೋಗಿ. ಕ್ರಿಸ್‌ಮಸ್ ಜನಜಂಗುಳಿ ಇಳಿದಿರುತ್ತೆ, ಸೆಖೆ ಇನ್ನೂ ಏರಿರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿದ್ದರೆ ಏಪ್ರಿಲ್ ಎರಡನೇ ವಾರ, ಬೇಸಿಗೆ ರಜೆ ಸಿಕ್ಕ ತಕ್ಷಣ. ಸೆಖೆಗೆ ಮೈ ಅಂಟಂಟು ಅನ್ನಿಸುತ್ತೆ, ನಿಜ. ಆದರೆ ನೀರು ಕನ್ನಡಿಯ ಹಾಗಿರುತ್ತೆ, ಹಡಗು ಅಲುಗಾಡುವುದು ಕಡಿಮೆ. ದಸರಾ ರಜೆಗೆ ನಾನು ಹೋಗುವುದಿಲ್ಲ. ಹೋದವರಿಗೆ ಚೆನ್ನಾಗಿಯೇ ಆಗಿರಬಹುದು, ನನಗೆ ಮಕ್ಕಳ ಜೊತೆ ಜೂಜಾಡುವ ಧೈರ್ಯವಿಲ್ಲ.

ಮಲ್ಪೆಯಲ್ಲಿ ಒಂದು ಪರೀಕ್ಷೆ

ವಿಮಾನದ ಟಿಕೆಟ್ ಮಾಡುವ ಮೊದಲು ಒಂದು ವಾರಾಂತ್ಯ ಉಡುಪಿಗೆ ಹೋಗಿಬನ್ನಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ; ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಓಡುತ್ತೆ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಬಂಡೆಗಳು ನಿಮಗೆ. ಮಗುವಿನ ವಿಷಯದಲ್ಲಿ ನೀವು ನೋಡಬೇಕಾದದ್ದು ಬೇರೆ. ಎಂಜಿನ್ ಸದ್ದಿಗೆ ಅಳುತ್ತಾ, ಲೈಫ್ ಜಾಕೆಟ್ ಹಾಕಿದರೆ ಕಿತ್ತೆಸೆಯುತ್ತಾ, ಅಲೆಗೆ ಹೊಟ್ಟೆ ತೊಳಸುತ್ತಾ, ಉಪ್ಪುನೀರು ಬಾಯಿಗೆ ಹೋದರೆ ರಂಪ ಮಾಡುತ್ತಾ, ಮರಳಿನಲ್ಲಿ ಕಾಲಿಡಲು ಒಪ್ಪುತ್ತಾ? ನಮ್ಮ ಮಗ ಮರಳಿಗೆ ಕಾಲೇ ಊರಲಿಲ್ಲ. ಇಡೀ ದಿನ ಅಪ್ಪನ ಹೆಗಲ ಮೇಲೆ. ಮೂರು ತಿಂಗಳು ಪಾರ್ಕಿನ ಮರಳುಗುಂಡಿಯಲ್ಲಿ ಆಡಿಸಿದ ಮೇಲೆ ಸರಿಹೋದ. ಇದು ಅಂಡಮಾನಿನಲ್ಲಿ ಮೊದಲ ದಿನ ಗೊತ್ತಾಗಿದ್ದರೆ ಏಳು ದಿನವೂ ಹೆಗಲ ಮೇಲೇ.

ವಿಮಾನ, ಹಡಗು, ರೂಮು: ಇದೇ ಅನುಕ್ರಮ

ಹೆಚ್ಚಿನವರು ಚಂದದ ಫೋಟೋ ನೋಡಿ ಮೊದಲು ರೂಮು ಹಿಡಿಯುತ್ತಾರೆ, ಆಮೇಲೆ ಹಡಗಿಗೆ ಒದ್ದಾಡುತ್ತಾರೆ. ಉಲ್ಟಾ ಮಾಡಿ. ಮೊದಲು ವಿಮಾನ, ಆಮೇಲೆ ಹಡಗು, ಹಡಗಿನ ಸಮಯ ಗಟ್ಟಿಯಾದ ಮೇಲೆ ರೂಮು.

ಬೆಂಗಳೂರಿನಿಂದ ನೇರ ವಿಮಾನ ಸುಮಾರು ಎರಡೂವರೆ ಗಂಟೆ. ಮಧ್ಯೆ ಚೆನ್ನೈನಲ್ಲಿ ಇಳಿದು ಹತ್ತುವುದರಲ್ಲಿ ಸ್ವಲ್ಪ ದುಡ್ಡು ಉಳಿಯಬಹುದು, ಅದು ಮಕ್ಕಳಿಲ್ಲದವರ ಉಳಿತಾಯ. ಎರಡು ವರ್ಷದೊಳಗಿನ ಮಗುವಾದರೆ ಮಡಿಲಲ್ಲಿ ಕೂರಿಸಿಕೊಳ್ಳಬಹುದು, ಆದರೆ ವಯಸ್ಸಿನ ದಾಖಲೆ ಕೇಳುತ್ತಾರೆ. ಜನನ ಪ್ರಮಾಣಪತ್ರ ಅಥವಾ ನೀಲಿ ಆಧಾರ್‌ನ ಪ್ರತಿ ಇಟ್ಟುಕೊಳ್ಳಿ. ಹಡಗಿಗೂ ಹೆಸರು ಹಾಕಿದ ಟಿಕೆಟ್ಟೇ, ಅಲ್ಲೂ ಗುರುತಿನ ಚೀಟಿ ಬೇಕು. ಭಾರತೀಯರು ಈ ಮೂರು ದ್ವೀಪಗಳಿಗೆ ಹೋಗಲು ಪ್ರತ್ಯೇಕ ಅನುಮತಿ ಬೇಕಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವ ಮೊಮ್ಮಕ್ಕಳನ್ನು ಕರೆದುಕೊಂಡು ಹೊರಟ ಅಜ್ಜ ಅಜ್ಜಿಯಾದರೆ ಮಾತ್ರ ನಿಯಮ ವಿಚಾರಿಸಿಕೊಂಡೇ ಹೊರಡಿ.

ಹಡಗಿನಲ್ಲಿ ಎರಡು ಜಾತಿ. ಮ್ಯಾಕ್ರುಝ್, ನಾಟಿಕಾ, ಗ್ರೀನ್ ಓಷನ್ ತರಹದ ಖಾಸಗಿ ಹಡಗುಗಳು ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಒಂದೂವರೆಯಿಂದ ಎರಡು ಗಂಟೆ ಚಿಲ್ಲರೆ ತೆಗೆದುಕೊಳ್ಳುತ್ತವೆ. ಟಿಕೆಟ್ ಬಹಳ ಮುಂಚೆಯೇ ಸಿಗುತ್ತೆ. ಸರ್ಕಾರಿ ಹಡಗು ಅಗ್ಗ, ಸುಮಾರು ಎರಡೂವರೆ ಗಂಟೆ, ಟಿಕೆಟ್ ಬಿಡುವುದು ಪ್ರಯಾಣಕ್ಕೆ ಕೆಲವೇ ದಿನ ಮುಂಚೆ. ಪುಟ್ಟ ಮಕ್ಕಳಿದ್ದರೆ ಖಾಸಗಿ ಹಡಗಿನಲ್ಲಿ ಸೀಟು ಕಾದಿರಿಸುವುದೇ ಸರಿ. ಒಂದು ಮಾತು ಮಾತ್ರ ಯಾರೂ ಹೇಳುವುದಿಲ್ಲ: ಕೆಲವು ಖಾಸಗಿ ಹಡಗುಗಳು ಕಿಟಕಿ ತೆರೆಯದ ಏಸಿ ಪೆಟ್ಟಿಗೆ. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಿಗೆ ಅದು ಹಿಂಸೆ. ಮೇಲಿನ ತೆರೆದ ಅಟ್ಟಕ್ಕೆ ಹೋಗಲು ಬಿಡುವ ಹಡಗು ಯಾವುದು ಅಂತ ವಿಚಾರಿಸಿ ಟಿಕೆಟ್ ಮಾಡಿ.

ಪೋರ್ಟ್ ಬ್ಲೇರ್‌ನಲ್ಲಿ ಹಡಗುಕಟ್ಟೆ ಒಂದೇ ಅಲ್ಲ. ಫೀನಿಕ್ಸ್ ಬೇ ಬೇರೆ, ಹ್ಯಾಡೋ ಬೇರೆ. ಟಿಕೆಟ್ಟಿನಲ್ಲಿ ಯಾವುದಿದೆ ನೋಡಿಯೇ ಆಟೋ ಹತ್ತಿ. ಬೆಳಗಿನ ಐದೂವರೆಗೆ ಎರಡು ಮಲಗಿದ ಮಕ್ಕಳನ್ನು ಹೊತ್ತು ತಪ್ಪು ಕಟ್ಟೆಗೆ ಹೋದವರನ್ನು ನಾನು ಬಲ್ಲೆ, ಅವರು ನಾವೇ.

ರೂಮು ಹಿಡಿಯುವಾಗ "ಸಮುದ್ರ ಕಾಣುತ್ತಾ" ಅಂತ ಕೇಳಬೇಡಿ. "ಇಳಿತದ ಹೊತ್ತಲ್ಲಿ ಎದುರಿಗೆ ಮರಳಾ, ಬಂಡೆಯಾ" ಅಂತ ಕೇಳಿ. ನಮಗೆ ಒಂದು ಕಡೆ ಫೋಟೋದಲ್ಲಿ ತಿಳಿನೀಲಿ ನೀರು ತೋರಿಸಿ, ಹೋಗಿ ನೋಡಿದರೆ ದಿನದ ಅರ್ಧ ಹೊತ್ತು ಚೂಪು ಹವಳದ ಕಲ್ಲುಗಳೇ ಕಾಣುತ್ತಿದ್ದವು. ಮಗುವನ್ನು ಇಳಿಸುವ ಹಾಗೇ ಇರಲಿಲ್ಲ. ಆಮೇಲೆ ಇನ್ನೂ ನಾಲ್ಕು ಪ್ರಶ್ನೆ: ನೆಲಮಹಡಿ ಸಿಗುತ್ತಾ, ರೂಮಲ್ಲಿ ಬಿಸಿನೀರಿನ ಕೆಟಲ್ ಇದೆಯಾ, ಕರೆಂಟ್ ಹೋದರೆ ಜನರೇಟರ್ ಏಸಿಗೂ ಕೊಡುತ್ತಾ, ಒಗೆದ ಬಟ್ಟೆ ಹರಡಲು ಹಗ್ಗ ಕಟ್ಟುವ ಜಾಗ ಇದೆಯಾ. ಕೊನೆಯದಕ್ಕೆ ಸ್ವಾಗತದ ಹುಡುಗ ನಕ್ಕ. ನಗಲಿ.

ಏಳು ರಾತ್ರಿ ಹೀಗೆ ಹಂಚಿ

ಮೊದಲ ರಾತ್ರಿ ಪೋರ್ಟ್ ಬ್ಲೇರ್. ಎರಡನೇ ದಿನ ಬೆಳಗ್ಗೆ ಹ್ಯಾವ್‌ಲಾಕ್‌ಗೆ ಹೋಗಿ ಅಲ್ಲಿ ಮೂರು ರಾತ್ರಿ. ಐದನೇ ದಿನ ನೀಲ್, ಅಲ್ಲಿ ಎರಡು ರಾತ್ರಿ. ಏಳನೇ ದಿನ ವಾಪಸ್ ಪೋರ್ಟ್ ಬ್ಲೇರ್, ಒಂದು ರಾತ್ರಿ. ಎಂಟನೇ ದಿನ ವಿಮಾನ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು, ಇದರಲ್ಲಿ ರಾಜಿಯಿಲ್ಲ. ನೀಲ್‌ನಿಂದ ಬೆಳಗ್ಗೆ ಹಡಗು, ಮಧ್ಯಾಹ್ನ ವಿಮಾನ ಅಂತ ಜೋಡಿಸಿದವರು ಗಾಳಿ ಎದ್ದ ದಿನ ಎರಡನ್ನೂ ಕಳೆದುಕೊಳ್ಳುತ್ತಾರೆ.

ಐದೇ ರಾತ್ರಿ ಇದೆಯಾ? ಹಾಗಿದ್ದರೆ ಹ್ಯಾವ್‌ಲಾಕ್, ನೀಲ್ ಎರಡರಲ್ಲಿ ಒಂದನ್ನು ಬಿಡಿ. ಮಕ್ಕಳು ನಾಲ್ಕು ವರ್ಷದೊಳಗಿದ್ದರೆ ನಾನು ಬಿಡುವುದು ಹ್ಯಾವ್‌ಲಾಕನ್ನು. ಎಲ್ಲರೂ ಬೈಯುತ್ತಾರೆ, ಗೊತ್ತು. ರಾಧಾನಗರ ಕಡಲತೀರ ನೋಡದೆ ಬಂದರಾ ಅಂತ ಕೇಳುತ್ತಾರೆ. ಆದರೆ ಹ್ಯಾವ್‌ಲಾಕ್‌ನಲ್ಲಿ ಹಡಗುಕಟ್ಟೆಯಿಂದ ರಾಧಾನಗರಕ್ಕೇ ಹನ್ನೆರಡು ಕಿಲೋಮೀಟರ್ ಹತ್ತಿರ. ಪ್ರತಿಯೊಂದಕ್ಕೂ ಆಟೋ ಕಾಯಬೇಕು. ನೀಲ್ ಅಂಗೈಯಷ್ಟು. ಯಾವ ತೀರಕ್ಕೂ ಹತ್ತು ಹದಿನೈದು ನಿಮಿಷ. ಮಗುವಿಗೆ ನಿದ್ದೆ ಬಂದರೆ ರೂಮಿಗೆ ಮರಳಿ, ಎದ್ದ ಮೇಲೆ ಮತ್ತೆ ಹೋಗಬಹುದು.

ಬಾರಾತಾಂಗ್ ದ್ವೀಪದ ಸುಣ್ಣದಕಲ್ಲಿನ ಗುಹೆ ಪ್ಯಾಕೇಜಿನವರು ಬಿಟ್ಟಿಯಾಗಿ ಸೇರಿಸಿಕೊಟ್ಟರೂ ಬೇಡ ಅನ್ನಿ. ನಸುಕಿಗೆ ಎದ್ದು ಜಿರ್ಕಾಟಾಂಗ್‌ನಲ್ಲಿ ವಾಹನಗಳ ಸಾಲಿಗೆ ಸೇರಿ, ಜಾರವಾ ಆದಿವಾಸಿಗಳ ಮೀಸಲು ಅರಣ್ಯದೊಳಗೆ ಎಲ್ಲೂ ನಿಲ್ಲಿಸದೆ, ಫೋಟೋ ತೆಗೆಯದೆ ಹೋಗಬೇಕು. ಆ ನಿಯಮ ಇರಬೇಕಾದದ್ದೇ. ಎರಡು ವರ್ಷದ ಮಗು "ಉಚ್ಚೆ" ಅಂದರೆ ಅಲ್ಲಿ ಗಾಡಿ ನಿಲ್ಲುವುದಿಲ್ಲ, ಅಷ್ಟೇ.

ಅಲ್ಲಿಯ ಗಡಿಯಾರ

ಹ್ಯಾವ್‌ಲಾಕ್ ಇರುವುದು ಹೆಚ್ಚುಕಡಿಮೆ ನಮ್ಮ ಮೈಸೂರಿನ ಅಕ್ಷಾಂಶದಲ್ಲೇ, ಆದರೆ ಹದಿನಾರು ಡಿಗ್ರಿ ಪೂರ್ವಕ್ಕೆ. ಗಡಿಯಾರ ಮಾತ್ರ ಇಬ್ಬರಿಗೂ ಒಂದೇ. ಹಾಗಾಗಿ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆ ಮೊದಲೇ ಬರುತ್ತಾನೆ, ಒಂದು ಗಂಟೆ ಮೊದಲೇ ಹೋಗುತ್ತಾನೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಐದೂಕಾಲಿಗೆ ಬಿಸಿಲು ಮುಖಕ್ಕೆ ಬಿದ್ದು ಮಕ್ಕಳು ಎದ್ದು ಕೂರುತ್ತಾರೆ. ಜನವರಿಯಲ್ಲಿ ಸಂಜೆ ಐದೂಕಾಲಿಗೆ ಸೂರ್ಯಾಸ್ತ. ಆರು ಗಂಟೆಗೆ ಕಗ್ಗತ್ತಲು.

ಇದರ ಜೊತೆ ಜಗಳ ಮಾಡಬೇಡಿ, ಬಳಸಿಕೊಳ್ಳಿ. ಹೊರಡುವ ಮೂರು ದಿನ ಮುಂಚೆಯೇ ಮಕ್ಕಳನ್ನು ಸ್ವಲ್ಪ ಬೇಗ ಮಲಗಿಸಿ, ಬೇಗ ಎಬ್ಬಿಸಿ. ಅಲ್ಲಿ ಐದೂವರೆಗೆ ಹಾಲು ಕುಡಿಸಿ ಸೀದಾ ನೀರಿಗೆ. ಎಂಟೂವರೆವರೆಗೆ ಬಿಸಿಲು ಮೃದು, ತೀರದಲ್ಲಿ ನೀವು ಮತ್ತು ನಾಲ್ಕು ನಾಯಿ. ಒಂಬತ್ತಕ್ಕೆ ತಿಂಡಿ. ಹನ್ನೊಂದರಿಂದ ಎರಡರವರೆಗೆ ಸ್ನಾನ, ಊಟ, ಕಡ್ಡಾಯ ನಿದ್ದೆ, ದೊಡ್ಡವರಿಗೂ. ಮೂರಕ್ಕೆ ಎರಡನೇ ಸುತ್ತು. ರಾಧಾನಗರದ ಸೂರ್ಯಾಸ್ತಕ್ಕೆ ಐದು ಗಂಟೆಗೆ ಹೊರಟರೆ ದಾರಿಯಲ್ಲೇ ಮುಳುಗಿರುತ್ತಾನೆ, ಮೂರೂವರೆಗೆ ಅಲ್ಲಿರಿ. ರಾತ್ರಿ ಏಳೂವರೆಗೆ ಎಲ್ಲರೂ ನಿದ್ದೆ.

ಹಡಗಿನ ದಿನದ ಬೆಳಗ್ಗೆ

ಮೊದಲ ಸಲ ನಾನು ಮಾಡಿದ ತಪ್ಪು ಹೇಳುತ್ತೇನೆ. ಮಗಳಿಗೆ ಹಸಿವಾಗಬಾರದು ಅಂತ ಬೆಳಗ್ಗೆ ಮೂರು ಇಡ್ಲಿ, ಮೇಲೊಂದು ಲೋಟ ಹಾಲು. ಬಂದರು ದಾಟಿ ತೆರೆದ ಸಮುದ್ರಕ್ಕೆ ಬಂದು ಇಪ್ಪತ್ತು ನಿಮಿಷವಾಗಿತ್ತು. ಅವಳು ಬಣ್ಣದ ಪುಸ್ತಕದಲ್ಲಿ ಮೀನಿಗೆ ಬಣ್ಣ ತುಂಬುತ್ತಿದ್ದಳು. ಕೈ ನಿಂತಿತು. ಮುಖ ಬೆಳ್ಳಗಾಯಿತು, ಒಂದು ದೊಡ್ಡ ಆಕಳಿಕೆ, ತುಟಿಯ ಸುತ್ತ ಬೆವರು. "ಅಮ್ಮಾ" ಅನ್ನುವಷ್ಟರಲ್ಲಿ ಮೂರೂ ಇಡ್ಲಿ ನನ್ನ ದುಪಟ್ಟಾದ ಮೇಲೆ. ಪಕ್ಕದ ಸೀಟಿನ ಬಂಗಾಳಿ ಅಜ್ಜಿ ಒಂದು ಮಾತೂ ಆಡದೆ ತಮ್ಮ ಚೀಲದಿಂದ ನಿಂಬೆಹಣ್ಣು ತೆಗೆದು ಉಗುರಿನಿಂದ ಗೀರಿ ಅವಳ ಮೂಗಿನ ಹತ್ತಿರ ಹಿಡಿದರು.

ಆಕಳಿಕೆ ಮತ್ತು ತಣ್ಣನೆ ಬೆವರು ಮುನ್ಸೂಚನೆ. ಅದು ಕಂಡ ತಕ್ಷಣ ಪುಸ್ತಕ, ಮೊಬೈಲ್ ಕಿತ್ತುಕೊಳ್ಳಿ. ತಲೆ ತಗ್ಗಿಸಿ ಹತ್ತಿರದ್ದು ನೋಡುತ್ತಿದ್ದರೆ ಕಣ್ಣು "ನಾನು ಅಲ್ಲಾಡುತ್ತಿಲ್ಲ" ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ "ಅಲ್ಲಾಡುತ್ತಿದ್ದೀಯ" ಅನ್ನುತ್ತೆ. ಈ ಜಗಳವೇ ಹೊಟ್ಟೆ ತೊಳಸುವುದಕ್ಕೆ ಮೂಲ. ದೂರದ ದಿಗಂತ ನೋಡಿಸಿದರೆ ಜಗಳ ಕಡಿಮೆಯಾಗುತ್ತೆ. ಸೀಟು ಆರಿಸುವಾಗ ಮುಂಭಾಗ ಬೇಡ, ಅಲ್ಲಿ ಏಟು ಜಾಸ್ತಿ. ಕೆಳಗಿನ ಅಂತಸ್ತಿನ ನಡುವೆ ಅಥವಾ ಸ್ವಲ್ಪ ಹಿಂದೆ ಕೂರಿ. ಹೊರಡುವ ಒಂದೂವರೆ ಗಂಟೆ ಮುಂಚೆ ಒಣ ಬ್ರೆಡ್ಡು, ಬಾಳೆಹಣ್ಣು, ಹುರಿದ ಅವಲಕ್ಕಿ, ಅಷ್ಟೇ. ಹಾಲು ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಈ ತೊಂದರೆ ಅಪರೂಪ. ನಮ್ಮ ಮಗ ಇಡೀ ದಾರಿ ನಿದ್ದೆ ಹೊಡೆದ. ಮಾತ್ರೆ ಕೊಡಬೇಕೋ ಬೇಡವೋ, ಎಷ್ಟು, ಅದನ್ನು ನಿಮ್ಮ ಮಕ್ಕಳ ವೈದ್ಯರ ಹತ್ತಿರ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ದೊಡ್ಡವರ ವಾಂತಿ ಮಾತ್ರೆ ಅರ್ಧ ಮಾಡಿ ಕೊಡುವುದು ಬೇಡವೇ ಬೇಡ.

ದೊಡ್ಡ ಸಾಮಾನನ್ನು ಹತ್ತುವಾಗ ಒಂದು ಕಡೆ ಪೇರಿಸಿಬಿಡುತ್ತಾರೆ. ಹಾಗಾಗಿ ಕೈಚೀಲದಲ್ಲಿ ಇವಿಷ್ಟು: ಒಬ್ಬೊಬ್ಬರಿಗೂ ಒಂದು ಜೊತೆ ಬಟ್ಟೆ (ನಿಮಗೂ, ದುಪಟ್ಟಾದ ಕಥೆ ಕೇಳಿದಿರಲ್ಲ), ಗಟ್ಟಿ ಕವರ್ ಐದು, ಒದ್ದೆ ಒರೆಸು, ನೀರು, ನಿಂಬೆಹಣ್ಣು, ಸ್ವೆಟರ್. ಏಸಿ ಕೊರೆಯುತ್ತೆ. ತಳ್ಳುಗಾಡಿ ಮನೆಯಲ್ಲೇ ಬಿಡಿ. ಮರಳಿನಲ್ಲಿ, ಹಡಗಿನ ಹಲಗೆಯ ಮೇಲೆ ಅದು ಭಾರವೇ ಹೊರತು ಉಪಯೋಗವಿಲ್ಲ. ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಜೋಳಿಗೆ ಸಾಕು.

ಭರತಪುರದಲ್ಲಿ ಭರತ ಯಾವಾಗ?

ನೀಲ್‌ನ ಊರುಗಳ ಹೆಸರು ಕೇಳಿ: ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿ ಕಟ್ಟಿದ ಊರುಗಳಿವು. ಮಗಳಿಗೆ ರಾತ್ರಿ ಹೇಳಿದ ಕಥೆಯ ಪಾತ್ರಗಳೆಲ್ಲ ಬೆಳಗ್ಗೆ ಫಲಕದ ಮೇಲೆ ಕಂಡು ಮಹದಾನಂದ. "ಹನುಮಂತನ ಊರೆಲ್ಲಿ" ಅಂತ ಆಟೋದವರನ್ನು ಕೇಳಿದಳು. ಅವರು ಕೂಡಲೇ ಎದುರಿನ ತೆಂಗಿನಮರ ತೋರಿಸಿದರು.

ಭರತಪುರದ ತೀರ ಪುಟ್ಟ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗೆ: ಬಹಳ ದೂರದವರೆಗೂ ಮೊಣಕಾಲು ನೀರು, ಅಲೆಯಿಲ್ಲ. ಆದರೆ ಅದು ಎಷ್ಟು ಹೊತ್ತಿಗೆ ಅನ್ನುವುದು ಭರತ (ಸಮುದ್ರದ ನೀರು ಏರುವುದು), ಇಳಿತದ ಮೇಲೆ ಹೋಗುತ್ತೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ನೀರು ತುಂಬಾ ಏರುತ್ತೆ, ತುಂಬಾ ಇಳಿಯುತ್ತೆ. ಅಷ್ಟಮಿ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಇಷ್ಟು ಹೇಳಿಬಿಡುತ್ತೆ. ಗಂಟೆ ನಿಮಿಷದ ಲೆಕ್ಕಕ್ಕೆ ಪೋರ್ಟ್ ಬ್ಲೇರ್‌ನ ಉಬ್ಬರವಿಳಿತದ ಪಟ್ಟಿ ಇಂಟರ್ನೆಟ್ಟಿನಲ್ಲಿ ಸಿಗುತ್ತೆ. ನೀವಿರುವ ಅಷ್ಟೂ ದಿನದ್ದನ್ನು ಬರೆದಿಟ್ಟುಕೊಂಡು ಹೋಗಿ, ದ್ವೀಪದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಈಜು, ನೀರಾಟ ಭರತ ಏರುತ್ತಿರುವಾಗ. ಪೂರ್ತಿ ಇಳಿದಾಗ ಹವಳದ ಕಲ್ಲು ಎದ್ದು ಕಾಲು ಕೊಯ್ಯುತ್ತೆ. ಲಕ್ಷ್ಮಣಪುರದ ಹತ್ತಿರವಿರುವ ಕಲ್ಲಿನ ಕಮಾನಿಗೆ ಮಾತ್ರ ಇದರ ಉಲ್ಟಾ: ಇಳಿತದಲ್ಲೇ ಹೋಗಬೇಕು, ಏರಿದ ಮೇಲೆ ದಾರಿಯೇ ಇರುವುದಿಲ್ಲ. ಬಂಗಾಳಿಗಳು ಅದನ್ನು ಹೌರಾ ಸೇತುವೆ ಅನ್ನುತ್ತಾರೆ. ಮಗಳಿಗೆ ಕಮಾನು ಬೇಕಾಗಿರಲಿಲ್ಲ. ಬಂಡೆಯ ಗುಳಿಯಲ್ಲಿ ನಿಂತ ಬೊಗಸೆ ನೀರಿನ ಮುಂದೆ ಕುಕ್ಕರಗಾಲಲ್ಲಿ ಕೂತವಳು ಮುಕ್ಕಾಲು ಗಂಟೆ ಏಳಲಿಲ್ಲ. ಒಂದು ಕಪ್ಪು ಸಮುದ್ರ ಸೌತೆ, ಹೆಬ್ಬೆರಳಿನ ಉಗುರಿನಷ್ಟು ನೀಲಿ ಮೀನು ಮೂರು, ಇನ್ನೊಂದು ಶಂಖ. ಶಂಖಕ್ಕೆ ಕಾಲು ಬಂದು ನಡೆಯತೊಡಗಿತು. ಒಳಗೆ ಬಾಡಿಗೆಗಿದ್ದ ಏಡಿ. ಅದು ದೊಡ್ಡದಾದ ಹಾಗೆ ಇನ್ನೊಂದು ದೊಡ್ಡ ಖಾಲಿ ಶಂಖ ಹುಡುಕಿ ಮನೆ ಬದಲಿಸುತ್ತೆ ಅಂದೆ. "ನಮ್ಮ ಹಾಗೆ" ಅಂದಳು. ಆಗಷ್ಟೇ ಮೂರನೇ ಬಾಡಿಗೆ ಮನೆಗೆ ಬಂದಿದ್ದೆವು.

ಅದಕ್ಕೇ ದಿನಕ್ಕೊಂದೇ ಜಾಗ ಇಟ್ಟುಕೊಳ್ಳಿ. ಪ್ಯಾಕೇಜಿನವರ ಪಟ್ಟಿಯಲ್ಲಿ ಆ ಗುಳಿ ಇರುವುದಿಲ್ಲ.

ನೀರಿನಲ್ಲಿ

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಐದು ವರ್ಷದೊಳಗಿನ ಮಗು ನೀರಲ್ಲಿದ್ದಾಗ ಒಬ್ಬರು ಕೈಚಾಚಿದರೆ ಸಿಗುವಷ್ಟು ದೂರದಲ್ಲಿರಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು. "ನೀನು ನೋಡ್ತಿದೀಯ ಅನ್ಕೊಂಡೆ" ಅನ್ನುವುದೇ ಅಪಾಯದ ಮಾತು. ನಮ್ಮಲ್ಲಿ ಕೆಂಪು ಟೋಪಿ ಯಾರ ತಲೆ ಮೇಲಿದೆಯೋ ಅವರದ್ದು ಪಾಳಿ. ಕಾಫಿಗೆ ಹೋಗಬೇಕಾದರೆ ಟೋಪಿ ದಾಟಿಸಿ ಹೋಗಬೇಕು.

ತೋಳಿಗೆ ಹಾಕುವ ಗಾಳಿಬುರುಡೆ ಆಟಿಕೆ, ರಕ್ಷಣೆಯಲ್ಲ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಮನೆಯಿಂದಲೇ ಒಯ್ಯಿರಿ, ದೋಣಿಗಳಲ್ಲಿ ಹೆಚ್ಚಾಗಿ ಇರುವುದು ದೊಡ್ಡವರದ್ದು. ಕಾಲಸಂದಿಯಲ್ಲಿ ಬರುವ ಪಟ್ಟಿ ಇರಬೇಕು. ತೊಡಿಸಿ, ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲೆತ್ತಿ ನೋಡಿ. ಜಾಕೆಟ್ ಮೇಲೆದ್ದು ಗಲ್ಲ, ಕಿವಿ ಮುಚ್ಚಿದರೆ ಅದು ದೊಡ್ಡದಾಯಿತು.

ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ಒಬ್ಬ ಪ್ರವಾಸಿ ಮೊಸಳೆಗೆ ಬಲಿಯಾದರು. ಹೆದರಿ ಮನೆಯಲ್ಲಿ ಕೂರಬೇಕಿಲ್ಲ, ಆದರೆ ಎಚ್ಚರಿಕೆಯ ಫಲಕವಿದ್ದ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವ ಕಡೆ, ತೊರೆ ಸಮುದ್ರ ಸೇರುವ ಕಡೆ ಮಕ್ಕಳನ್ನು ಇಳಿಸಬೇಡಿ. ಕಾವಲುಗಾರರು ಇರುವ, ಜನ ಸ್ನಾನ ಮಾಡುತ್ತಿರುವ ಜಾಗದಲ್ಲೇ ಇಳಿಯಿರಿ, ಸೀಟಿ ಊದಿದ ಕೂಡಲೇ ಹೊರಗೆ ಬನ್ನಿ. ರಾಧಾನಗರದಲ್ಲಿ ಅಲೆ ಇರುತ್ತೆ. ಅಲ್ಲಿ ಮಗ ಮರಳಿನಲ್ಲಿ ಬಾವಿ ತೋಡಿದ, ನೀರಿಗಿಳಿದವಳು ಮಗಳು ಮಾತ್ರ. ಇನ್ನೊಂದು ಸಣ್ಣ ವಿಷಯ: ತೆಂಗಿನಮರದ ಕೆಳಗೆ ಚಾಪೆ ಹಾಸಿ ಮಗುವನ್ನು ಮಲಗಿಸಬೇಡಿ. ಕರಾವಳಿಯವರಿಗೆ ಹೇಳಬೇಕಿಲ್ಲ, ಬಯಲುಸೀಮೆಯವರು ಮರೆಯುತ್ತೇವೆ.

ಸಮುದ್ರದೊಳಗೆ ಡೈವಿಂಗ್ ಹತ್ತು ವರ್ಷದ ಮೇಲಿನವರಿಗೆ. ಅಪ್ಪ ಅಮ್ಮ ಪಾಳಿ ಹಾಕಿಕೊಂಡು ಹೋಗಿಬನ್ನಿ, ತಪ್ಪೇನಿಲ್ಲ. ಮಕ್ಕಳಿಗೆ ಗಾಜಿನ ತಳದ ದೋಣಿ ಸಾಕು; ಆದರೆ ತಿಳಿನೀರು ಇರುವ ಹೊತ್ತು ಕೇಳಿಕೊಂಡು ಹತ್ತಿ.

ಔಷಧಿ ಡಬ್ಬಿ, ಊಟದ ಡಬ್ಬಿ

ದೊಡ್ಡ ಸರ್ಕಾರಿ ಆಸ್ಪತ್ರೆ ಜಿ.ಬಿ. ಪಂತ್ ಇರುವುದು ಪೋರ್ಟ್ ಬ್ಲೇರ್‌ನಲ್ಲಿ. ಹ್ಯಾವ್‌ಲಾಕ್, ನೀಲ್‌ನಲ್ಲಿ ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರಗಳಿವೆ. ಮುಖ್ಯಭೂಮಿಯ ಹಾಗೆ ಬೀದಿಗೊಂದು ಮೆಡಿಕಲ್ ಇಲ್ಲ. ಹಾಗಾಗಿ ಮಗುವಿನ ತೂಕಕ್ಕೆ ಎಷ್ಟು ಅಂತ ವೈದ್ಯರಿಂದ ಬರೆಸಿಕೊಂಡ ಜ್ವರದ ಸಿರಪ್, ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ಅಲರ್ಜಿಯ ಔಷಧಿ, ಗಾಯಕ್ಕೆ ಮುಲಾಮು, ಬ್ಯಾಂಡೇಜ್ ನಿಮ್ಮ ಬಳಿಯೇ ಇರಲಿ. ಹವಳ ಗೀರಿದ ಗಾಯ ಚಿಕ್ಕದು ಅಂತ ಬಿಡಬೇಡಿ, ಚೆನ್ನಾಗಿ ತೊಳೆಯಿರಿ. ಅದು ಬೇಗ ಕೀವಾಗುತ್ತೆ. ಲೋಳೆಮೀನು ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಸಮುದ್ರದ ನೀರಲ್ಲೇ ತೊಳೆದು ಆರೋಗ್ಯ ಕೇಂದ್ರಕ್ಕೆ ಹೋಗಿ. ಮರಳುನೊಣ ಸಂಜೆ ಕಾಲು ಕಚ್ಚುತ್ತೆ, ಎರಡು ದಿನ ತುರಿಕೆ. ಉದ್ದ ಪೈಜಾಮ, ಮೈಗೆ ತೆಂಗಿನೆಣ್ಣೆ, ಕಾಲು ಮರಳಿಗೆ ತಾಗದ ಹಾಗೆ ದಪ್ಪ ಚಾಪೆ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆಯೇ ರಕ್ಷಣೆ.

ಊಟಕ್ಕೆ ಅನ್ನ, ಬೇಳೆ, ಮೀನು, ಆಲೂ ಪಲ್ಯ ಎಲ್ಲ ಕಡೆ ಸಿಗುತ್ತೆ. ಆದರೆ ಹುಳಿಮೊಸರು, ರಸಂ ಅನ್ನಕ್ಕೆ ಒಗ್ಗಿದ ನಾಲಿಗೆ ಮೂರನೇ ದಿನ ಮುಷ್ಕರ ಹೂಡುತ್ತೆ. ನಾನು ಒಯ್ಯುವುದು: ಹುರಿದು ಪುಡಿಮಾಡಿದ ರಾಗಿಸರಿ, ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಒಂದು ಪುಟ್ಟ ಡಬ್ಬಿ ತುಪ್ಪ, ಎರಡು ಲೀಟರ್ ಹಿಡಿಯುವ ಸ್ಟೀಲ್ ಬಾಟಲಿ. ಕೆಟಲ್‌ನಲ್ಲಿ ನೀರು ಕುದಿಸಿದರೆ ರಾಗಿಸರಿ ಐದೇ ನಿಮಿಷ. ಡೈಪರ್, ಹಾಲಿನಪುಡಿ ನಿಮ್ಮ ಬ್ರ್ಯಾಂಡೇ ಬೇಕಾದರೆ ಪೂರ್ತಿ ಏಳು ದಿನಕ್ಕಾಗುವಷ್ಟು ಬೆಂಗಳೂರಿನಿಂದಲೇ. ಎಳನೀರು ಮಾತ್ರ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ!

ನಗದು ಇಟ್ಟುಕೊಳ್ಳಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಪೋರ್ಟ್ ಬ್ಲೇರ್‌ನಲ್ಲಿ ಇಂಟರ್ನೆಟ್ ಎಷ್ಟೋ ಸುಧಾರಿಸಿದೆ, ಆದರೂ ಸಣ್ಣ ದ್ವೀಪದ ಎಳನೀರಿನ ಅಂಗಡಿಯಲ್ಲಿ ಫೋನ್‌ಪೇ ಸುತ್ತುತ್ತಲೇ ಇರುತ್ತೆ, ಮಗು ಅಳುತ್ತಲೇ ಇರುತ್ತೆ.

ಕೊನೆಯ ದಿನ

ಪೋರ್ಟ್ ಬ್ಲೇರ್‌ನ ಆ ಮಧ್ಯಾಹ್ನಕ್ಕೆ ರಾಸ್ ದ್ವೀಪ ಇಟ್ಟುಕೊಳ್ಳಿ. ಅಬರ್ಡೀನ್ ಕಟ್ಟೆಯಿಂದ ದೋಣಿಯಲ್ಲಿ ಸ್ವಲ್ಪವೇ ದೂರ. ಬ್ರಿಟಿಷರ ಪಾಳುಬಿದ್ದ ಕಟ್ಟಡಗಳನ್ನು ಆಲದ ಜಾತಿಯ ಮರಗಳ ಬೇರು ಅಪ್ಪಿ ಹಿಡಿದಿವೆ, ನಡುವೆ ಜಿಂಕೆಗಳು ಓಡಾಡುತ್ತವೆ. ಅವುಗಳಿಗೆ ಬಿಸ್ಕತ್ತು ಕೊಡಬೇಡಿ. ಸೆಲ್ಯುಲಾರ್ ಜೈಲಿಗೆ ಹಗಲಲ್ಲಿ ಹೋಗಿ. 1906ರಲ್ಲಿ ಕಟ್ಟಿ ಮುಗಿಸಿದ ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಐದು ವರ್ಷದ ಮಗುವಿಗೆ "ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದ ಹಾಗೆ ಕಟ್ಟಿದ್ದರು" ಅನ್ನುವುದೊಂದು ಅರ್ಥವಾದರೆ ಸಾಕು. ಸಂಜೆಯ ಧ್ವನಿ ಬೆಳಕಿನ ಪ್ರದರ್ಶನಕ್ಕೆ ಪುಟಾಣಿಗಳನ್ನು ಕರೆದೊಯ್ಯಬೇಡಿ, ಕತ್ತಲು ಮತ್ತು ಗಟ್ಟಿ ದನಿಗೆ ಹೆದರುತ್ತಾರೆ. ಮಳೆ ಬಂದರೆ ಸಮುದ್ರಿಕಾ ವಸ್ತುಸಂಗ್ರಹಾಲಯ. ಅಂಗಳದಲ್ಲೇ ನೀಲಿ ತಿಮಿಂಗಿಲದ ಅಸ್ಥಿಪಂಜರವಿದೆ.

ರಾತ್ರಿ ಪೆಟ್ಟಿಗೆ ಕಟ್ಟುವಾಗ ಮಕ್ಕಳ ಎಲ್ಲ ಜೇಬು, ಚಪ್ಪಲಿ, ಮರಳಾಟದ ಬಕೆಟ್ಟು ತಿರುವಿ ಹಾಕಿ. ಹವಳದ ತುಂಡು, ಸತ್ತದ್ದಾದರೂ, ಒಯ್ಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಲವು ಜಾತಿಯ ಶಂಖ, ಚಿಪ್ಪುಗಳದ್ದೂ ಅದೇ ಕಥೆ. ವಿಮಾನ ನಿಲ್ದಾಣದಲ್ಲಿ ಚೀಲ ಸ್ಕ್ಯಾನ್ ಮಾಡುವಾಗ ಸಿಕ್ಕಿಬೀಳುತ್ತವೆ. ಇದನ್ನು ಕೊನೆಯ ದಿನ ಹೇಳಿದರೆ ಅಳು ಖಂಡಿತ, ಮೊದಲ ದಿನವೇ ಹೇಳಿಡಿ. ಏಡಿಯ ಮನೆಯ ಕಥೆ ಗೊತ್ತಿದ್ದರೂ ನಮ್ಮ ಮಗಳ ಟೋಪಿಯ ಮಡಿಕೆಯೊಳಗೆ ನಾಲ್ಕು ಚಿಪ್ಪು ಸಿಕ್ಕವು. ಗೋಡೆ ಕಡೆ ತಿರುಗಿ ನಿಂತಳು. ಆಮೇಲೆ ಅಪ್ಪನ ಕೈ ಹಿಡಿದು ರಸ್ತೆ ದಾಟಿ, ನೀರಿನ ಅಂಚಿಗೆ ಹೋಗಿ ಒಂದೊಂದಾಗಿ ಎಸೆದು ಬಂದು, ನಾಲ್ಕನೆಯದು ಸರಿಯಾಗಿ ಬೀಳಲಿಲ್ಲ, ಬೆಳಗ್ಗೆ ಇನ್ನೊಂದು ಸಲ ಹೋಗಬೇಕು ಅಂದಳು.